ಆರ್‌ಸಿ ಬಗ್ಗಿಗೆ ದೊಡ್ಡ ವಿಂಗ್ ಬೇಕಾ?

ಪರ: ಬೇಕು, ನಿಯಮ ಬಿಟ್ಟಷ್ಟು ದೊಡ್ಡದೇ ಬೇಕು

ಆರ್‌ಸಿ ಬಗ್ಗಿ ಅಂದರೆ ಮಣ್ಣಿನ ಟ್ರ್ಯಾಕಿನಲ್ಲಿ ಜಿಗಿದು ಓಡುವ ರಿಮೋಟ್ ಕಾರು. ಅದರ ಹಿಂಭಾಗದಲ್ಲಿ ಎತ್ತರಕ್ಕೆ ಕೂರಿಸುವ ಹಲಗೆ, ಅಂದರೆ ವಿಂಗ್, ಬರೀ ಶೋಕಿ ಅನ್ನುವವರು ಜಾಸ್ತಿ. ಸ್ವಲ್ಪ ಲೆಕ್ಕ ಹಾಕಿ ನೋಡಿ. 1/10 ಸ್ಕೇಲಿನ, ಅಂದರೆ ನಿಜವಾದ ಕಾರಿನ ಹತ್ತನೇ ಒಂದು ಅಳತೆಯ, ಬಗ್ಗಿ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಅದರ ವಿಂಗ್ ಅಡ್ಡಕ್ಕೆ 17 ಸೆಂ.ಮೀ., ಹಿಂದುಮುಂದಕ್ಕೆ 7 ಸೆಂ.ಮೀ. ಇದೆ ಅಂದುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಳಿ ಅದನ್ನು ಹೆಚ್ಚುಕಡಿಮೆ 200 ಗ್ರಾಂ ಭಾರದಷ್ಟು ಕೆಳಗೆ ಒತ್ತುತ್ತದೆ. ಕಾರಿನ ತೂಕದ ಎಂಟನೇ ಒಂದು ಪಾಲಿಗೂ ಹೆಚ್ಚು! ನಿಜವಾದ ಭಾರ ಹೇರಿದರೆ ತಿರುವಿನಲ್ಲಿ ಅದೇ ಕಾರನ್ನು ಹೊರಗೆ ಎಳೆಯುತ್ತದೆ. ಗಾಳಿಯ ಭಾರಕ್ಕೆ ಆ ತಂಟೆ ಇಲ್ಲ. ಟೈರಿಗೆ ಗ್ರಿಪ್ ಮಾತ್ರ ಸಿಗುತ್ತದೆ.

ವಿಂಗಿನ ಹಿಂದಿನ ಅಂಚಿನಲ್ಲಿ ಎದ್ದು ನಿಲ್ಲುವ ಸಣ್ಣ ಪಟ್ಟಿಯನ್ನೂ ಮರೆಯಬೇಡಿ. 1971ರಲ್ಲಿ ಅಮೆರಿಕದ ರೇಸ್ ಚಾಲಕ ಡ್ಯಾನ್ ಗರ್ನಿ ರೇಸ್ ಕಾರಿಗೆ ಹಾಕಿ ನೋಡಿದ ಉಪಾಯ ಅದು. ಅವರ ಹೆಸರಿನಲ್ಲೇ ಗರ್ನಿ ಫ್ಲಾಪ್ ಅನ್ನುತ್ತಾರೆ. ನಮ್ಮ ಬಗ್ಗಿಗಳಲ್ಲೂ ಅದೇ ಇದೆ.

ನನಗೆ ಇದೆಲ್ಲಕ್ಕಿಂತ ದೊಡ್ಡ ಕಾರಣ ಜಂಪ್. ವಿಂಗ್ ಇರುವುದು ಹಿಂದಿನ ಚಕ್ರಗಳಿಗಿಂತಲೂ ಹಿಂದೆ. ಹಾಗಾಗಿ ಕಾರು ಗಾಳಿಯಲ್ಲಿದ್ದಾಗ ಅದು ಬಾಲವನ್ನು ಕೆಳಗೆ ಒತ್ತಿ ಮೂತಿಯನ್ನು ಎತ್ತಿ ಹಿಡಿಯುತ್ತದೆ, ಮುಗ್ಗರಿಸಲು ಬಿಡುವುದಿಲ್ಲ. ವಿಂಗಿನ ಎರಡು ಬದಿಯ ತಟ್ಟೆಗಳು ಬಾಲ ಆಚೀಚೆ ತಿರುಗದಂತೆ ತಡೆಯುತ್ತವೆ. ಇದಕ್ಕಿಂತ ದೊಡ್ಡದಾದ 1/8 ಸ್ಕೇಲಿನ ಬಗ್ಗಿಯ ವಿಂಗ್‌ಗೆ ಅಂತರರಾಷ್ಟ್ರೀಯ ನಿಯಮದಲ್ಲಿ 217 ಮಿ.ಮೀ. ಅಗಲದ ಮಿತಿ ಇದೆ. ಕೆಲಸಕ್ಕೆ ಬಾರದ ವಸ್ತುವಿಗೆ ಯಾರೂ ಸುಮ್ನೆ ಮಿತಿ ಹಾಕುವುದಿಲ್ಲ, ಅಲ್ವಾ?

ವಿರೋಧ: ಟೈರ್ ಮಾಡಿದ ಕೆಲಸಕ್ಕೆ ವಿಂಗ್‌ಗೆ ಹೆಸರು

200 ಗ್ರಾಂ ಲೆಕ್ಕ ಸರಿ. ಆದರೆ ಅದು 60ರ ವೇಗದ್ದು. ಗಾಳಿಯ ಒತ್ತು ವೇಗದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 20 ಕಿ.ಮೀ.ಗೆ ಬಂದರೆ ಒಂಬತ್ತನೇ ಒಂದು ಪಾಲು, ಅಂದರೆ 22 ಗ್ರಾಂ ಆಸುಪಾಸು. ಚಿಕ್ಕ ಟ್ರ್ಯಾಕಿನ ಬಿಗಿ ತಿರುವುಗಳಲ್ಲಿ ಬಗ್ಗಿ ಓಡುವುದು ಹೆಚ್ಚುಕಡಿಮೆ ಅದೇ ವೇಗದಲ್ಲಿ. ಸಮಯ ಕಳೆದುಕೊಳ್ಳುವುದೂ ಅಲ್ಲೇ. ಅಲ್ಲಿ ಕಾರನ್ನು ಹಿಡಿಯುವುದು ಟೈರಿನ ರಬ್ಬರ್, ಅದರ ಒಳಗಿನ ಫೋಮ್, ಶಾಕ್ ಅಬ್ಸಾರ್ಬರಿನ ಆಯಿಲ್.

ಹಿಂದಿನ ಆಕ್ಸಲ್‌ಗಿಂತ ಹಿಂದೆ ಒತ್ತಿದರೆ ಮುಂದಿನ ಚಕ್ರಗಳ ಭಾರ ಇಳಿಯುತ್ತದೆ. ಜಂಪಿನಲ್ಲಿ ಅದನ್ನೇ ಹೊಗಳುವವರು ವೇಗದ ತಿರುವಿನಲ್ಲಿ ಏನಾಗುತ್ತದೆ ಅಂತ ಹೇಳುವುದಿಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೂ ಮೂತಿ ಒಳಕ್ಕೆ ಬರುವುದಿಲ್ಲ, ಕಾರು ಹೊರಗೇ ಜಾರುತ್ತದೆ. ನೇರ ದಾರಿಯಲ್ಲಿ ಗಾಳಿ ಎಳೆತ ಬೇರೆ. ಮೋಟಾರು ಅದಕ್ಕೂ ದುಡಿಯಬೇಕು. ಎತ್ತರದಲ್ಲಿ ಕೂತ ಹಲಗೆಗೆ ಅಡ್ಡಗಾಳಿ ಹೊಡೆದರೆ ಕಾರು ಗಾಳಿಯಲ್ಲೇ ವಾಲಬಹುದು.

ಇನ್ನು ಜಂಪ್. ಮೂತಿ ಇಳಿಯುತ್ತಿದ್ದರೆ ಥ್ರಾಟಲ್ ಒತ್ತಿ, ಚಕ್ರ ಜೋರಾಗಿ ತಿರುಗಿ ಮೂತಿ ಏಳುತ್ತದೆ. ಜಾಸ್ತಿ ಎದ್ದರೆ ಬ್ರೇಕ್ ಹಿಡಿಯಿರಿ, ಇಳಿಯುತ್ತದೆ. ಇದನ್ನು ಬೆರಳಿಗೆ ಕಲಿಸಬೇಕು. ಅದು ಕಲಿಯದವರಿಗೆ ದೊಡ್ಡ ವಿಂಗ್ ಹಾಕಿಕೊಟ್ಟರೆ ಅವರು ಕಲಿಯುವುದೇ ಇಲ್ಲ. ಮಗುಚಿದಾಗ 1/8 ಬಗ್ಗಿಯ ಗಟ್ಟಿ ಪ್ಲಾಸ್ಟಿಕ್ ವಿಂಗ್ ಶಾಕ್ ಟವರನ್ನು (ಶಾಕ್ ಅಬ್ಸಾರ್ಬರ್‌ಗಳ ಮೇಲ್ತುದಿ ಹಿಡಿದಿರುವ ಪಟ್ಟಿ) ಕಾಯುತ್ತದೆ ಅನ್ನುವುದನ್ನು ಒಪ್ಪುತ್ತೇನೆ. ಅದು ಬಂಪರಿನ ಕೆಲಸ, ಹ್ಯಾಂಡ್ಲಿಂಗ್ ಅಲ್ಲ.

ವಿಂಗ್ ಪೂರ್ತಿ ಕಿತ್ತುಹಾಕಿ ಅನ್ನುತ್ತಿಲ್ಲ. ಲೆಕ್ಸಾನ್ ಅನ್ನುವ ತೆಳು ಪ್ಲಾಸ್ಟಿಕ್ ಹಾಳೆಯ ವಿಂಗ್ ಕತ್ತರಿಯಲ್ಲೇ ಸಲೀಸಾಗಿ ಕತ್ತರಿಸಬಹುದು. ಎರಡು ತಗೊಳ್ಳಿ, ಒಂದನ್ನು ಚಿಕ್ಕದು ಮಾಡಿ. ಅದೇ ಟೈರ್, ತುಂಬಿದ ಬ್ಯಾಟರಿ, ಅದೇ ಟ್ರ್ಯಾಕ್. ಎರಡರಲ್ಲೂ ಐದೈದು ನಿಮಿಷ ಓಡಿಸಿ ಲ್ಯಾಪ್ ಟೈಮ್ ಬರೆದಿಡಿ.