ಹಗ್ಗದ ಮೇಲೆ ಲುಂಗಿ, ಕೆಳಗೆ ಸೇನೆ

ಕೈಯಲ್ಲಿ ಬಂದೂಕು, ತಲೆಗೆ ಹೆಲ್ಮೆಟ್. ಅಧಿಕಾರ ಕಸಿದುಕೊಂಡ ಸೇನೆಯ ವಿರುದ್ಧ ಬೀದಿಗಿಳಿದ ಜನರನ್ನು ಅಟ್ಟಲು ಇಷ್ಟೆಲ್ಲ ತೊಟ್ಟು ಬಂದ ಬರ್ಮಾದ ಯೋಧರು 2021ರ ಮಾರ್ಚಿನಲ್ಲಿ ಯಾಂಗೊನ್‌ನ ಬೀದಿಗಳ ಬಾಯಲ್ಲಿ ಗಕ್ಕನೆ ನಿಂತರು. ಎದುರಿಗಿದ್ದ ಶತ್ರು ಇಷ್ಟೇ: ರಸ್ತೆಗೆ ಅಡ್ಡಲಾಗಿ ಕಟ್ಟಿದ ಹಗ್ಗ, ಅದರ ಮೇಲೆ ಹೆಂಗಸರ ಲುಂಗಿಗಳು.

ಆ ಲುಂಗಿಗೆ ಅಲ್ಲಿ ಥಮೇನ್ ಎನ್ನುತ್ತಾರೆ. ಗಂಡಸರಿಗೆ ಹುಟ್ಟಿನಿಂದಲೇ 'ಹ್ಪೋನ್' ಎಂಬ ತೇಜಸ್ಸು ಇರುತ್ತದಂತೆ. ಥಮೇನಿನ ಅಡಿಯಲ್ಲಿ ನಡೆದರೆ ಅದು ಸೋರಿಹೋಗುತ್ತದಂತೆ. ಹ್ಪೋನಿನ ಉಚ್ಚಾರ ಹೆಚ್ಚುಕಡಿಮೆ ನಮ್ಮ ಕೈಯಲ್ಲಿರುವ ಫೋನಿನದೇ. ರಾತ್ರಿಯಾದರೆ ಇಡೀ ದೇಶದ ಇಂಟರ್ನೆಟ್ ಕಡಿಯುತ್ತಿದ್ದ ಸೇನೆಗೆ ಹಗಲೆಲ್ಲ ತನ್ನ ಹ್ಪೋನ್ ಕಡಿದುಹೋಗುವ ಚಿಂತೆ. ಹೀಗಾಗಿ ಮೊದಲು ಬಟ್ಟೆ ಇಳಿಸುವ ಕಾರ್ಯಾಚರಣೆ, ಆಮೇಲೆ ಜನರನ್ನು ಅಟ್ಟುವ ಕಾರ್ಯಾಚರಣೆ. ನಗುವ ಮೊದಲು ನಮ್ಮ ಅಜ್ಜಿಯರ ಮಡಿಕೋಲನ್ನೂ ನೆನೆಯಬೇಕು, ನಿಜ. ಆದರೆ ಯಾವ ಅಜ್ಜಿಯೂ ಮಡಿಕೋಲು ಹಿಡಿದು ಸಂಸತ್ತನ್ನು ವಶಪಡಿಸಿಕೊಂಡದ್ದನ್ನು ನಾನು ಕೇಳಿಲ್ಲ.

ಮಬ್ಬುಗತ್ತಲಲ್ಲಿ ಹಗ್ಗವನ್ನು ಹಾವೆಂದು ಕಂಡು ಬೆಚ್ಚುವವನ ಕಥೆಯನ್ನು ನಮ್ಮ ವೇದಾಂತಿಗಳು ಹೇಳುತ್ತಾರೆ. ಹಾಡಹಗಲಲ್ಲಿ ಹಗ್ಗವನ್ನು ಹಗ್ಗವೆಂದೇ ಕಂಡು ಬೆಚ್ಚುವವನಿಗೆ ಅವರಲ್ಲಿ ದೃಷ್ಟಾಂತವಿಲ್ಲ.

ಬಟ್ಟೆಯೊಂದಿಗೆ ಈ ಸೇನೆಯ ಜಗಳ ಹಳೆಯದು. ಥೇನ್ ಲಿನ್ ಎಂಬ ಕಲಾವಿದರನ್ನೇ ನೋಡಿ. ಸೇನಾಡಳಿತದ ವಿರುದ್ಧ ಎದ್ದ 1988ರ ದಂಗೆಯ ವಿದ್ಯಾರ್ಥಿ. ಗಡಿ ದಾಟಿ ನಮ್ಮ ಮಣಿಪುರದ ನಿರಾಶ್ರಿತರ ಶಿಬಿರ ಸೇರಿ, ಅಲ್ಲಿದ್ದ ಹಿರಿಯ ಕಲಾವಿದ ಸಿಟ್ ನ್ಯೇನ್ ಎ ಅವರಿಂದ ಚಿತ್ರಕಲೆ ಕಲಿತವರು. ಊರಿಗೆ ಮರಳಿ ತಮ್ಮ ಪಾಡಿಗೆ ಇದ್ದಾಗ, 1998ರಲ್ಲಿ, ಹಳೆಯ ಒಡನಾಡಿಯೊಬ್ಬರ ಪತ್ರ ಅಧಿಕಾರಿಗಳ ಕೈಗೆ ಸಿಕ್ಕಿತು. ಪತ್ರ ಬರೆದವರು ಇವರಲ್ಲ, ಓದಿದವರೂ ಇವರಲ್ಲ. ಒಳಗೆ ಹೆಸರಿತ್ತು. ಏಳು ವರ್ಷ ಜೈಲು.

ಅಲ್ಲಿ ಕೈದಿಗೆ ಸರ್ಕಾರ ಬಿಳಿ ಲುಂಗಿ ಕೊಡುತ್ತಿತ್ತು. ಅದೇ ಕ್ಯಾನ್ವಾಸ್ ಆಯಿತು. ಕುಂಚವಿಲ್ಲ, ಸಿಗರೇಟ್ ಲೈಟರಿನ ಚಕ್ರ, ಸಿರಿಂಜ್, ಕೈಬೆರಳು. ಸಾಬೂನಿನ ತುಂಡಿನಲ್ಲಿ ಕೆತ್ತನೆ. ಬಣ್ಣವನ್ನು ಕದ್ದು ಒಳತಂದವರು ಕಾವಲುಗಾರರೇ, ಚಿತ್ರಗಳು ಹೊರಗೆ ದಾಟಿದ್ದೂ ಅವರ ಕೃಪೆಯಿಂದಲೇ. ಬಟ್ಟೆ ಸರ್ಕಾರದ್ದು, ಸಾಗಣೆ ಸರ್ಕಾರಿ ನೌಕರರದ್ದು, ಊಟ ವಸತಿ ಉಚಿತ. ಇಷ್ಟು ಉದಾರವಾದ ಫೆಲೋಶಿಪ್ಪನ್ನು ಯಾವ ಲಲಿತಕಲಾ ಅಕಾಡೆಮಿಯೂ ಕೊಡಲಾರದು.

ಒಮ್ಮೆ ಕೆಲವು ಅಮೂರ್ತ ಚಿತ್ರಗಳು ಜೈಲಿನ ಅಧಿಕಾರಿಗಳಿಗೆ ಸಿಕ್ಕಿಬಿದ್ದವು. ಅಮೂರ್ತ ಕಲೆಯ ಮುಂದೆ ನಿಂತು, ಇದು ಏನೆಂದು ಕೇಳಲು ನಾಚಿ, ತಲೆದೂಗಿ ಮುಂದೆ ಹೋಗುವ ನಮ್ಮಂಥವರಲ್ಲ ಅವರು. ಅರ್ಥ ತಕ್ಷಣ ಹೊಳೆಯಿತು: ಇದು ಪರಾರಿಯಾಗುವ ನಕ್ಷೆ! ಚಿತ್ರಗಳನ್ನು ನಾಶ ಮಾಡಿದರು. ಉಳಿದ ನೂರಾರು ಚಿತ್ರಗಳು ಯಾವ ನಕ್ಷೆಯೂ ಇಲ್ಲದೆ ಗೇಟು ದಾಟಿದವು.

ಇಲ್ಲದ್ದನ್ನು ಕಾಣುವ ಕಣ್ಣಿಗೆ ಇದ್ದದ್ದು ಕಾಣುವುದಿಲ್ಲ ಅನ್ನುವುದಕ್ಕೆ ಇನ್ನೊಂದು ಪ್ರಸಂಗ. 2008ರ ಪ್ರೇಮಿಗಳ ದಿನಕ್ಕೆಂದು ಸಾ ವೈ ಎಂಬ ಕವಿ ಎಂಟು ಸಾಲಿನ ಪ್ರೇಮಕವಿತೆ ಬರೆದರು. ಸೆನ್ಸಾರ್ ಮಂಡಳಿ ಅಡ್ಡಡ್ಡ ಓದಿ ಮುದ್ರೆ ಒತ್ತಿತು. ಸಾಲುಗಳ ಮೊದಲ ಪದಗಳನ್ನು ಮೇಲಿನಿಂದ ಕೆಳಗೆ ಓದಿದರೆ 'ಅಧಿಕಾರದ ಹುಚ್ಚು ಹಿಡಿದ ಜನರಲ್ ಥಾನ್ ಶ್ವೆ' ಎಂದಿತ್ತು. ಆಗ ದೇಶ ಆಳುತ್ತಿದ್ದ ಸೇನಾ ಮುಖ್ಯಸ್ಥ ಅವರೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕವಿಯನ್ನು ಬಂಧಿಸಿ ಸೇನೆಯೇ ಆ ಶ್ಲೇಷೆಗೆ ಟೀಕು ಬರೆದುಕೊಟ್ಟಿತು.

ಥೇನ್ ಲಿನ್ ಬಿಡುಗಡೆಯಾದರು, ಲಂಡನ್ನಿಗೆ ಹೋದರು, ಮರಳಿ ಬಂದು ಮಾಜಿ ರಾಜಕೀಯ ಕೈದಿಗಳ ನೂರಾರು ಕೈಗಳನ್ನು ಪ್ಲಾಸ್ಟರಿನಲ್ಲಿ ಅಚ್ಚು ಹಾಕಿದರು. 2022ರ ಆಗಸ್ಟಿನಲ್ಲಿ ಮತ್ತೆ ಬಂಧನ. ಈ ಸಲ ಚಿತ್ರದ ಮಾತೇ ಇಲ್ಲ. ಅವರ ಪತ್ನಿ ವಿಕಿ ಬೌಮನ್, ಒಂದು ಕಾಲದಲ್ಲಿ ಅದೇ ದೇಶದಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದವರು. ಶಾನ್ ರಾಜ್ಯದ ಕಲಾವ್‌ನಲ್ಲಿರುವ ಗಂಡನ ಮನೆಯಲ್ಲಿ ಉಳಿದುಕೊಂಡರಂತೆ, ವಿಳಾಸ ಬದಲಾವಣೆಯನ್ನು ತಿಳಿಸಲಿಲ್ಲವಂತೆ. ಹೆಂಡತಿಯದು ವಲಸೆ ಕಾಯ್ದೆಯ ಉಲ್ಲಂಘನೆ, ಗಂಡನದು ಅದಕ್ಕೆ ಕುಮ್ಮಕ್ಕು. ಇಬ್ಬರಿಗೂ ಒಂದೊಂದು ವರ್ಷ. ನಮ್ಮ ಕಡೆ ಹೆಂಡತಿಯನ್ನು ಮನೆಗೆ ಸೇರಿಸದಿದ್ದರೆ ಕೇಸು ಬೀಳುತ್ತದೆ, ಅಲ್ಲಿ ಸೇರಿಸಿಕೊಂಡರೆ.

ಯಾಂಗೊನ್‌ನ ಮನೆಯಿಂದ ದಂಪತಿಯನ್ನು ಇನ್‌ಸೇನ್ ಜೈಲಿಗೆ ಒಯ್ದರು. ನವೆಂಬರಿನಲ್ಲಿ ಸುಮಾರು ಆರು ಸಾವಿರ ಕೈದಿಗಳ ಜೊತೆ ಕ್ಷಮಾದಾನ ಕೊಟ್ಟು ಹೊರಗೆ ಬಿಟ್ಟರು. ನನಗೆ ಉಳಿದಿರುವುದು ಒಂದು ಸಣ್ಣ ಅನುಮಾನ. ಮನೆಯಿಂದ ಜೈಲಿಗೆ, ಜೈಲಿನಿಂದ ಹೊರಕ್ಕೆ, ಹೀಗೆ ಎರಡೆರಡು ಸಲ ಆಕೆಯ ವಿಳಾಸ ಬದಲಿಸಿದ್ದು ಸೇನೆಯೇ. ಅರ್ಜಿ ನಮೂನೆ ತುಂಬಿ ನೋಂದಾಯಿಸಿದವರು ಯಾರು?