ಟಿಕ್ ಹಾಕಿದ ಕಡೆಯೆಲ್ಲ ಸಹಿ ಮಾಡಿ

ಜಾಹೀರಾತಿನಲ್ಲಿ ನಗುಮುಖದ ದಂಪತಿ ಮಗುವನ್ನು ಎತ್ತಿಕೊಂಡು ಸಾವಕಾಶವಾಗಿ ನಲಿದಾಡಿದ ಮೇಲೆ, ಕೊನೆಯ ಎರಡು ಸೆಕೆಂಡಿನಲ್ಲಿ ಮಹಾನುಭಾವರೊಬ್ಬರು ಉಸಿರು ಕಟ್ಟಿಕೊಂಡು ಏನನ್ನೋ ಒದರುತ್ತಾರಲ್ಲ, ಹೂಡಿಕೆಯ ವಿಷಯದಲ್ಲಿ ನಮ್ಮ ಕಿವಿಗೆ ಬೀಳುವ ಏಕೈಕ ಸತ್ಯವಾಕ್ಯ ಅದು. ಹಣ ಕರಗಲೂಬಹುದು, ದಾಖಲೆಗಳನ್ನು ಎಚ್ಚರಿಕೆಯಿಂದ ಓದಿ ಎಂಬ ಹಿತವಚನವನ್ನು ಇಷ್ಟು ಅವಸರದಲ್ಲಿ ಹೇಳುವುದು ಕೇಳುಗರ ಸಮಯ ಉಳಿಸಲಿಕ್ಕೆಂದೇ ಇರಬೇಕು. ಆ ದಾಖಲೆಗಳಾದರೂ ಎಂಥವು! ಇರುವೆ ಸಾಲಿನಂಥ ಅಕ್ಷರಗಳ ನಲವತ್ತು ಪುಟ, ಅಲ್ಲಲ್ಲಿ ಪೆನ್ಸಿಲ್ಲಿನ ಟಿಕ್ ಗುರುತು, ಮತ್ತು ಪುಟವನ್ನು ನಮಗಿಂತ ಮೊದಲೇ ತಿರುವಿಹಾಕುವ ಒಂದು ಸೌಜನ್ಯದ ಬೆರಳು.

ಕಾರಿನ ಶೋರೂಮಿನಲ್ಲಿ ಈ ಸೌಜನ್ಯ ಪರಾಕಾಷ್ಠೆಗೆ ಏರುತ್ತದೆ. ಅಲ್ಲಿ ಬೆಲೆಯನ್ನು ಕೇಳುವುದು ಅಸಭ್ಯತೆ; ‘ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?’ ಎಂದು ಅವರೇ ನಮ್ಮನ್ನು ಕೇಳುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರಿಗೆ 84 ತಿಂಗಳ ಕಂತು ಗೊತ್ತಿರಲಿಲ್ಲ. ‘ಫ್ಲಾಟ್ ಶೇ 10 ಬಡ್ಡಿ’ ಎಂದು ಹೇಳಿ ಕೊಡುವ 5 ವರ್ಷದ ಸಾಲದಲ್ಲಿ, ತೀರಿಸಿಯಾದ ಅಸಲಿಗೂ ಕೊನೆಯ ತಿಂಗಳವರೆಗೆ ಬಡ್ಡಿ ಕಟ್ಟುತ್ತಲೇ ಇರುವುದರಿಂದ, ನಿಜವಾದ ದರ ಶೇ 17ನ್ನು ದಾಟುತ್ತದೆ. ಅತ್ತ, ಹೊಸ ಕಾರು ಮೊದಲ ವರ್ಷದಲ್ಲೇ ಸಾಮಾನ್ಯವಾಗಿ ತನ್ನ ಬೆಲೆಯ ಐದನೆಯ ಒಂದು ಭಾಗದಷ್ಟನ್ನು ಕಳೆದುಕೊಳ್ಳುತ್ತದೆ. ಕಾರು ಇಳಿಯುವ ವೇಗದಲ್ಲಿ ಸಾಲ ಇಳಿಯುವುದಿಲ್ಲವಾದ್ದರಿಂದ, ನಡುವೆ ಅಪಘಾತವಾಗಿ ಕಾರು ನಜ್ಜುಗುಜ್ಜಾದರೆ ವಿಮೆಯಿಂದ ಬರುವ ಅಂದಿನ ಬೆಲೆ ಸಾಲ ತೀರಿಸಲು ಸಾಲದೆ ಹೋಗಬಹುದು. ಇದಕ್ಕೆ ಮದ್ದು ಕಡಿಮೆ ಸಾಲವೆಂದೋ ಚಿಕ್ಕ ಕಾರೆಂದೋ ನೀವು ಊಹಿಸಿದ್ದರೆ ನಿಮಗೆ ಅರ್ಥಶಾಸ್ತ್ರ ತಿಳಿಯದು. ಆ ಅಂತರವನ್ನು ತುಂಬಿಕೊಡಲೆಂದೇ ‘ಗ್ಯಾಪ್ ವಿಮೆ’ ಎಂಬ ಇನ್ನೊಂದು ಪಾಲಿಸಿ ಇದೆ, ಅದರ ಪ್ರೀಮಿಯಮ್ಮನ್ನೂ ಅದೇ ಸಾಲಕ್ಕೆ ಸೇರಿಸಿಕೊಡುವ ಔದಾರ್ಯವೂ ಇದೆ. ಗುಂಡಿ ತೋಡಿದವರೇ ಏಣಿಯನ್ನು ಬಾಡಿಗೆಗೆ ಕೊಡುವ ಇಂಥ ಏರ್ಪಾಡನ್ನು ಮೆಚ್ಚದಿರುವುದು ಹೇಗೆ?

ವಿಮೆಯ ಮಾತು ಬಂದದ್ದರಿಂದ ಎಡ್ಮಂಡ್ ಹ್ಯಾಲಿಯವರನ್ನು ನೆನೆಯಬೇಕು. ಧೂಮಕೇತುವಿನ ಲೆಕ್ಕ ಹಾಕಿದ ಆ ಪುಣ್ಯಾತ್ಮರು 1693ರಲ್ಲಿ, ಬ್ರೆಸ್ಲಾವ್ ನಗರದ ಜನನ ಮರಣಗಳ ಪಟ್ಟಿಯನ್ನು ಹರಡಿಕೊಂಡು ಕುಳಿತು, ಯಾವ ವಯಸ್ಸಿನವರಲ್ಲಿ ಎಷ್ಟು ಮಂದಿ ಮುಂದಿನ ವರ್ಷವನ್ನು ಕಾಣುತ್ತಾರೆ ಎಂಬುದನ್ನು ಗುಣಿಸಿ ತೋರಿಸಿದರು. 1762ರಲ್ಲಿ ಲಂಡನ್ನಿನ ಈಕ್ವಿಟಬಲ್ ಸಂಸ್ಥೆ ವಯಸ್ಸಿಗೆ ತಕ್ಕ ಪ್ರೀಮಿಯಂ ನಿಗದಿಮಾಡಿ ವಿಮೆ ನೀಡತೊಡಗಿತು. ಬದುಕಿದವರೆಲ್ಲರೂ ಸ್ವಲ್ಪ ಸ್ವಲ್ಪ ಕೊಟ್ಟು ಸತ್ತವನ ಮನೆಯನ್ನು ನಿಲ್ಲಿಸುವುದು ಎಷ್ಟು ಸರಳವಾದ, ಎಷ್ಟು ಮರ್ಯಾದಸ್ಥ ಲೆಕ್ಕ! ಆ ಲೆಕ್ಕದ ನೇರ ಸಂತಾನವಾದ, ಗೊತ್ತುಮಾಡಿದ ಅವಧಿಯೊಳಗೆ ಸತ್ತರೆ ಮಾತ್ರ ಹಣ ಕೊಡುವ ಟರ್ಮ್ ಪಾಲಿಸಿಯನ್ನು ಇಂದು ಕೇಳಿ ನೋಡಿ, ಏಜೆಂಟರ ಮುಖ ಬಾಡುತ್ತದೆ. ‘ಬದುಕಿದ್ದರೆ ಏನೂ ವಾಪಸ್ ಬರುವುದಿಲ್ಲವಲ್ಲ ಸಾರ್’ ಎನ್ನುತ್ತಾರೆ, ಸಾಯದೆ ಉಳಿದದ್ದು ದೊಡ್ಡ ನಷ್ಟವೆಂಬಂತೆ. ಬದಲಿಗೆ ಅವರು ಮುಂದಿಡುವ ಉಳಿತಾಯ ಪಾಲಿಸಿಯಲ್ಲಿ ವರ್ಷಕ್ಕೆ 100ರಂತೆ 20 ವರ್ಷ ಕಟ್ಟಿದವನಿಗೆ ಕೊನೆಗೆ 3000 ಬರುತ್ತದೆ ಎನ್ನೋಣ. ಕಟ್ಟಿದ್ದು 2000, ಬಂದದ್ದು ಒಂದೂವರೆ ಪಟ್ಟು ಎಂದು ಎಲ್ಲರೂ ಕೈ ಕುಲುಕುತ್ತಾರೆ. ವರ್ಷದ ಗಳಿಕೆ ಶೇ 4ನ್ನೂ ಮುಟ್ಟಲಿಲ್ಲವೆಂಬುದನ್ನು ಯಾರೂ ಗುಣಿಸುವುದಿಲ್ಲ.

ಹೂಡಿಕೆಯ ಫಂಡುಗಳ ಶುಲ್ಕವಂತೂ ಇನ್ನೂ ವಿನಯಶೀಲ, ಬರೀ ಶೇ 2. ವರ್ಷಕ್ಕೆ ಶೇ 8ರಂತೆ ಬೆಳೆದರೆ 30 ವರ್ಷದಲ್ಲಿ 100 ಎಂಬುದು 1006 ಆಗುತ್ತದೆ. ಆ ವಿನಯಶೀಲ ಎರಡನ್ನು ಕಳೆದು ಶೇ 6ರಂತೆ ಬೆಳೆದರೆ 574. ಅಮೆರಿಕದ ಫಂಡು ವ್ಯವಹಾರದ ಜಾನ್ ಬೋಗಲ್ 1976ರಲ್ಲಿ, ಷೇರು ಆರಿಸುವ ಪಂಡಿತರ ಗೊಡವೆಯೇ ಬೇಡ, ಷೇರುಪೇಟೆಯ ಏರಿಳಿತ ಅಳೆಯುವ ಸೂಚ್ಯಂಕದ ಪಟ್ಟಿಯಲ್ಲಿರುವ ಷೇರುಗಳನ್ನೆಲ್ಲ ಅಗ್ಗದ ಶುಲ್ಕದಲ್ಲಿ ಕೊಂಡಿಟ್ಟುಕೊಳ್ಳಿ ಎಂದು ಫಂಡೊಂದನ್ನು ತೆರೆದಾಗ ಅದನ್ನು ‘ಬೋಗಲ್‌ನ ಮೂರ್ಖತನ’ ಎಂದು ಗೇಲಿ ಮಾಡಿದ್ದರಲ್ಲಿ ಆಶ್ಚರ್ಯವೇನಿದೆ?

ನಿಜ ಹೇಳಬೇಕೆಂದರೆ ನಗು ಬರುತ್ತಿಲ್ಲ. ಮಾರುವವನನ್ನು ಸಲಹೆಗಾರನೆಂದು ಕರೆಯುವುದು ಮೋಸ. ಅವನ ಕಮಿಷನ್ ಎಷ್ಟೆಂಬುದನ್ನು ಮೊದಲ ಪುಟದಲ್ಲಿ ಬರೆಯಲಾಗದವರು, ಹಣ ಕಳೆದುಕೊಂಡ ನಿವೃತ್ತ ಮುದುಕನ ಮುಂದೆ ಮೂವತ್ತೇಳನೆಯ ಪುಟವನ್ನು ಹಿಡಿದು, ‘ನೀವೇ ಸಹಿ ಹಾಕಿದ್ದೀರಲ್ಲ’ ಎನ್ನುತ್ತಾರೆ. ಅವನು ಓದಬೇಕಿತ್ತಂತೆ. ಬರೆದವರಿಗೇ ಎರಡು ಸಲ ಓದಿದರೂ ಅರ್ಥವಾಗದ ವಾಕ್ಯಗಳನ್ನು, ಕನ್ನಡಕದ ಮೇಲೆ ಭೂತಗನ್ನಡಿ ಇಟ್ಟುಕೊಂಡು ಅವನು ಓದಬೇಕಿತ್ತಂತೆ. ಹೀಗೆ ಪ್ರತಿ ವಂಚನೆಯೂ ಕೊನೆಗೆ ವಂಚಿತನ ಅಜ್ಞಾನವಾಗಿ ದಾಖಲಾಗುತ್ತದೆ, ಅವನಿಗೆ ಹಣಕಾಸು ಸಾಕ್ಷರತೆ ಬೇಕೆಂದು ತೀರ್ಪಾಗುತ್ತದೆ.

ಸಾಕ್ಷರತೆಗೆ ಕಾರ್ಯಾಗಾರಗಳೂ ಉಚಿತವಾಗಿ ನಡೆಯುತ್ತವೆ, ಪಾಲಿಸಿ ಮಾರುವವರದೇ ಪ್ರಾಯೋಜಕತ್ವದಲ್ಲಿ. ಅಲ್ಲಿ ಹಂಚುವ ಕಾಗದಗಳಲ್ಲೆಲ್ಲ ಅದೇ ಇರುವೆ ಸಾಲು. ಬಂದವರ ಹೆಸರು, ಮೊಬೈಲ್ ಸಂಖ್ಯೆ, ತಿಂಗಳ ಆದಾಯ ಬರೆದುಕೊಳ್ಳುವ ಹಾಳೆಯೊಂದು ಮಾತ್ರ ದಪ್ಪ ಅಕ್ಷರದಲ್ಲಿ, ಯಾರು ಬೇಕಾದರೂ ಓದುವ ಹಾಗೆ ಅಚ್ಚಾಗಿರುತ್ತದೆ.