ಸ್ಪಷ್ಟನೆ: ಇರುವೆ ನೋಡಿ ಶುಗರ್ ಕಾಯಿಲೆ ಹೇಳಲಾಗದು

"ಮೂತ್ರಕ್ಕೆ ಇರುವೆ ಮುತ್ತಿದರೆ ಶುಗರ್ ಖಚಿತ, ಮುತ್ತದಿದ್ದರೆ ಶುಗರ್ ಇಲ್ಲ, ಲ್ಯಾಬಿಗೆ ದುಡ್ಡು ಸುರಿಯಬೇಡಿ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದರ ಎರಡೂ ಮಾತು ತಪ್ಪು.

ಕಿಡ್ನಿ ರಕ್ತವನ್ನು ಸೋಸುವಾಗ ಗ್ಲೂಕೋಸ್ ಕೂಡ ಹೊರಬರುತ್ತದೆ. ಆದರೆ ಕಿಡ್ನಿಯೇ ಅದನ್ನು ಮತ್ತೆ ರಕ್ತಕ್ಕೆ ಎಳೆದುಕೊಳ್ಳುತ್ತದೆ. ರಕ್ತದ ಸಕ್ಕರೆ ಸುಮಾರು 180 mg/dL ದಾಟಿದಾಗ ಈ ಕೆಲಸ ಅದರ ಕೈಮೀರುತ್ತದೆ, ಮಿಕ್ಕಿದ್ದು ಮೂತ್ರಕ್ಕೆ ಹೋಗುತ್ತದೆ. ಖಾಲಿ ಹೊಟ್ಟೆಯ ಸಕ್ಕರೆ 126 ಮುಟ್ಟಿದರೇ ಡಯಾಬಿಟಿಸ್ ಎನ್ನುತ್ತಾರೆ. ಅಂದರೆ ಖಾಲಿ ಹೊಟ್ಟೆಯಲ್ಲಿ 140 ಇರುವವರ ಮೂತ್ರದಲ್ಲಿ ಸಕ್ಕರೆ ಕಾಣದೇ ಇರಬಹುದು, ಕಾಯಿಲೆ ಮಾತ್ರ ಇದ್ದೇ ಇರುತ್ತದೆ. ಅಪಾಯ ಇರುವುದು ಇಲ್ಲೇ, ಅಲ್ವಾ?

ಇನ್ನು ಮೂತ್ರದಲ್ಲಿ ಸಕ್ಕರೆ ಕಂಡವರೆಲ್ಲ ಡಯಾಬಿಟಿಸ್‌ನವರಲ್ಲ. ಗರ್ಭಿಣಿಯರಲ್ಲಿ ಕಿಡ್ನಿ ಸೋಸುವುದೇ ಜಾಸ್ತಿ, ಹಾಗಾಗಿ ರಕ್ತದ ಸಕ್ಕರೆ ಸರಿ ಇದ್ದರೂ ಸ್ವಲ್ಪ ಕಾಣಬಹುದು. ಆದರೂ ಡಾಕ್ಟರಿಗೆ ಹೇಳಲೇಬೇಕು. ಕೆಲವು ಮನೆತನಗಳಲ್ಲಿ ಗ್ಲೂಕೋಸ್ ಎಳೆದುಕೊಳ್ಳುವ ಶಕ್ತಿಯೇ ಹುಟ್ಟಿನಿಂದ ಕಡಿಮೆ. ಇದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಫ್ಯಾಂಕೋನಿ ಸಿಂಡ್ರೋಮ್‌ನಂಥ ಕಿಡ್ನಿ ಕಾಯಿಲೆಯಲ್ಲೂ ಹೀಗಾಗುತ್ತದೆ, ಆದರೆ ಅದು ಅಪರೂಪ.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆಗಳ ಕೆಲಸವೇ ಸಕ್ಕರೆಯನ್ನು ಮೂತ್ರಕ್ಕೆ ಕಳಿಸುವುದು. ಹಾರ್ಟ್ ಫೇಲ್ಯೂರ್‌ಗೂ ಇವನ್ನು ಕೊಡುತ್ತಾರೆ. ಇವನ್ನು ನುಂಗುವವರ ಮೂತ್ರದಲ್ಲಿ ಸಕ್ಕರೆ ಇರುವುದು ಸಹಜ. ಗಾಬರಿಯಾಗಿ ಸುಮ್ನೆ ಮಾತ್ರೆ ನಿಲ್ಲಿಸಬೇಡಿ.

ಅನುಮಾನ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಖಾಲಿ ಹೊಟ್ಟೆಯದು ಅಥವಾ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ). ಆ ಸಂದೇಶವನ್ನು ದಯವಿಟ್ಟು ಇನ್ನು ಯಾರಿಗೂ ಕಳಿಸಬೇಡಿ.